ಬೀಳೋ ತನಕ ಕೈ ಇಳಿಸಬ್ಯಾಡ

ನಗೋರು ಈಗಲೇ ನಕ್ಕುಬಿಡಿ. ಆಮೇಲೆ ನಗೋಕಾಗಲ್ಲ. ಇದು ನನ್ನ ದೊಡ್ಡಪ್ಪನ ಮಗ ತೋಂಟದಾರ್ಯನಿಗೆ ಆಗಿದ್ದು. ಎಂಬತ್ತೆರಡನೇ ಇಸವಿ, ಹೊನ್ನವಳ್ಳಿ ಹತ್ತಿರ ನಮ್ಮ ತೋಟದಲ್ಲೇ.

ತೋಂಟ ತಿಪಟೂರಿನಲ್ಲಿ ಬ್ಯಾಸ್ಕೆಟ್‌ಬಾಲ್ ಅಭ್ಯಾಸ ಮುಗಿಸಿ ಕೊನೇ ಬಸ್ಸಿಗೆ ಬಂದಿಳಿದ. ಭಾನುವಾರ ಜಿಲ್ಲಾ ತಂಡದ ಆಯ್ಕೆ. ಅದಕ್ಕಾಗಿ ಎರಡು ವರ್ಷ ಒದ್ದಾಡಿದ್ದ. ಹಳೇ ಬಾವಿ ದಾಟುವಾಗ ಕಿವಿಗೆ ಬಿತ್ತು... ಟಪ್. ಟಪ್. ಟಪ್. ಗಟ್ಟಿ ನೆಲದ ಮೇಲೆ ಚೆಂಡು ಪುಟಿಸೋ ಸದ್ದು. ಆಮೇಲೆ ಒಂದು ಒಣಕೆಮ್ಮು.

ಆ ಕೆಮ್ಮು ಅವನಿಗೆ ಗೊತ್ತು. ಆಟ ಕಲಿಸಿದ ಮರುಳಸಿದ್ದಯ್ಯ ಮೇಷ್ಟ್ರದು. ಮೇಷ್ಟ್ರು ಸತ್ತು ಆಗಲೇ ಮೂರು ತಿಂಗಳಾಗಿತ್ತು.

ಹೇಗೆ ಸತ್ತರು ಅಂತ ಹೇಳಿಬಿಡ್ತೀನಿ. ತೋಂಟ ಎಸೆದ ಚೆಂಡು ಯಾವಾಗಲೂ ಬಲಕ್ಕೆ ಓಡೋದು. ಮೇಷ್ಟ್ರು ಬೈದೂ ಬೈದೂ ಸುಸ್ತು. "ಮೊಣಕೈ ಬುಟ್ಟಿ ಕಡೆ ನೋಡ್ಬೇಕು ಕಣ್ಲಾ. ಮಣಿಕಟ್ಟು ಬಗ್ಗಿಸಿ ಬುಡು. ಚೆಂಡು ಬೀಳೋ ತನಕ ಕೈ ಇಳಿಸಬ್ಯಾಡ." ಆದರೂ ಮೊಣಕೈ ಹೊರಗೇ. ಕಾರಣ ನಮ್ಮ ಅಟ್ಟ. ಕೊಬ್ಬರಿಗೆ ಅಂತ ಸಿಪ್ಪೆ ಸಮೇತ ಕಾಯಿ ಕೂಡಿಡ್ತೀವಲ್ಲ, ಕೆಳಗಿಂದ ಒಬ್ಬ ಎಸೀತಾನೆ, ಅಟ್ಟದ ಕಿಂಡಿಯಲ್ಲಿ ಇನ್ನೊಬ್ಬ ಹಿಡೀತಾನೆ. ವರ್ಷ ಕಳೆದು, ನೀರು ಆರಿ, ಅಲ್ಲಾಡಿಸಿದರೆ ಗಟಗಟ ಅಂದ ಮೇಲೇ ಅದು ಕೊಬ್ಬರಿ. ತೋಂಟ ಚಿಕ್ಕಂದಿನಿಂದ ಮೊಣಕೈ ಅಗಲಿಸಿಯೇ ಎಸೆದವನು.

ಅದನ್ನ ಕಣ್ಣಾರೆ ನೋಡ್ತೀನಿ ಅಂತ ಮೇಷ್ಟ್ರು ತೋಟಕ್ಕೆ ಬಂದರು. ಅಟ್ಟದ ಕೆಳಗೇ ನಿಂತರು. ತೋಂಟ ಎಸೆದ ಕಾಯಿ ಬಲಕ್ಕೆ ಓಡಿ, ತೊಲೆಗೆ ಬಡಿದು ವಾಪಸ್ ಬಂತು. ನೆತ್ತಿಗೆ. ಅಷ್ಟೇ.

ದೊಡ್ಡಪ್ಪ ಅಟ್ಟದಿಂದ ಇಳಿದವನೇ ಹೆಣಾನ ತೆಂಗಿನ ಮರದ ಬುಡಕ್ಕೆ ಹಾಕಿಸಿದ. "ಮರದಿಂದ ಬಿತ್ತು ಅನ್ನು. ಇಲ್ಲಾಂದ್ರೆ ಜೈಲಿಗೆ ಹೋಯ್ತೀಯ."

ತೋಂಟ ಹಾಗೇ ಅಂದ. ನಮ್ಮ ಸೀಮೆಯ ನಂಬಿಕೆ ನಿಮಗೆ ಗೊತ್ತಲ್ಲ, ತೆಂಗಿಗೆ ಕಣ್ಣಿದೆ, ಪಾಪಿ ತಲೆ ಮೇಲೆ ಬಿಟ್ಟು ಇನ್ಯಾರ ಮೇಲೂ ಕಾಯಿ ಬೀಳಲ್ಲ. ಮೇಷ್ಟ್ರು ಅದೇನು ಪಾಪ ಮಾಡಿದ್ದರೋ ಅಂತ ಊರು ಆಡಿಕೊಂಡಿತು. ಅವರ ಹೆಂಡತಿ ಗಂಗಕ್ಕ ಬಾವಿಗೆ ಬಂದರೆ ಹೆಂಗಸರು ಕೊಡ ಎತ್ತಿಕೊಂಡು ಸರೀತಿದ್ದರು. ಇವತ್ತಿಗೂ ನನಗೆ ಹೊಟ್ಟೆ ಉರಿಯುತ್ತೆ.

ಆ ರಾತ್ರಿ ಸದ್ದು ಬರ್ತಿದ್ದದ್ದು ಅಟ್ಟದ ಮನೆಯಿಂದ. ಮೇಷ್ಟ್ರು ಸತ್ತ ಮೇಲೆ ಆ ಅಟ್ಟ ಖಾಲಿ ಮಾಡಿಸಿದ್ದರು. ನಾನಾಗಿದ್ದರೆ ಓಡ್ತಿದ್ದೆ. ಇವನು ಒಳಗೆ ಹೋದ. ಕತ್ತಲು... ಕಾಲ ಬಳಿ ಒಂದು ಕಾಯಿ ಉರುಳಿ ಬಂತು. ಎತ್ತಿಕೊಂಡಾಗ ಒಳಗೆ ನೀರು ಕುಳಕ್ ಅಂತು. ಹೊಸ ಕಾಯಿ.

ಕಿವಿ ಪಕ್ಕದಲ್ಲೇ ಪಿಸುಮಾತು. "ಎಸಿ."

"ಮೇಷ್ಟ್ರೇ... ತಪ್ಪಾಯ್ತು..."

"ಮೊಣಕೈ ಒಳಗೆ."

ತಣ್ಣಗಿನ ಎರಡು ಬೆರಳು ಅವನ ಮೊಣಕೈಯನ್ನ ಒಳಕ್ಕೆ ತಳ್ಳಿದವು. ಎಸೆದ. ಕಾಯಿ ನೆಟ್ಟಗೆ ಕಿಂಡಿಯೊಳಕ್ಕೆ ಹೋಯ್ತು.

"ಬೀಳೋ ತನಕ ಕೈ ಇಳಿಸಬ್ಯಾಡ."

ಕಾದ... ಕಾಯಿ ಬಿದ್ದ ಸದ್ದೇ ಇಲ್ಲ.

ಬೆಳಿಗ್ಗೆ ನಾವು ನೋಡಿದಾಗ ಹಾಗೇ ನಿಂತಿದ್ದ. ಬಲಗೈ ಮೇಲೆ, ಮಣಿಕಟ್ಟು ಬಗ್ಗಿ. ನಾನೇ ಆ ಕೈಗೆ ಜೋತುಬಿದ್ದೆ, ಇಳೀಲಿಲ್ಲ. ಡಾಕ್ಟರು ಇಂಜೆಕ್ಷನ್ ಚುಚ್ಚಿದರು, ಇಳೀಲಿಲ್ಲ. ಅಟ್ಟ ಹತ್ತಿ ನೋಡಿದೆವು, ಒಂದು ಕಾಯೂ ಇಲ್ಲ. ಭಾನುವಾರ ಬಂತು, ಹೋಯ್ತು. ಊಟ, ನಿದ್ದೆ, ಎಲ್ಲ ಕೈ ಎತ್ತಿಕೊಂಡೇ.

ಹನ್ನೊಂದನೇ ದಿನ ಅವನೇ ಗಂಗಕ್ಕನನ್ನ ಕರೆಸಿದ. ಅದೇ ಅಟ್ಟದ ಕೆಳಗೆ, ದೊಡ್ಡಪ್ಪನ ಎದುರಿಗೇ ಅಂದ. "ಮರದಿಂದಲ್ಲ ಕಣಕ್ಕಾ... ನನ್ನ ಕೈಯಿಂದ."

ಮೇಲೆ... ದೊಪ್.

ಹಲಗೆ ಮೇಲೆ ಕಾಯಿ ಬಿದ್ದ ಸದ್ದು. ತೋಂಟನ ಕೈ ಆಗಲೇ ಕೆಳಗಿಳೀತು.

ಗಂಗಕ್ಕ ಕಣ್ಣೊರೆಸಿಕೊಳ್ಳಲಿಲ್ಲ. "ನನ್ಗಲ್ಲ, ಊರಿಗೇಳು," ಅಂದಳು.

ಊರಿಗೂ ಹೇಳಿದ, ಠಾಣೆಗೂ ಹೋಗಿ ಹೇಳಿದ. ಆ ಕೈ ಮತ್ತೆ ಹೆಗಲಿನಿಂದ ಮೇಲಕ್ಕೆ ಎದ್ದಿಲ್ಲ. ಈಗಲೂ ಅಂಗಿ ಹಾಕಿಕೊಳ್ಳೋಕೆ ಇನ್ನೊಬ್ಬರು ಬೇಕು.

ಅವತ್ತು ಏಣಿ ಹತ್ತಿದ್ದು ನಾನು. ಖಾಲಿ ಅಟ್ಟದ ನಡುವೆ ಒಂದೇ ಕಾಯಿ. ಹನ್ನೊಂದು ದಿನದ ಕೆಳಗೆ ನೀರು ಕುಳುಕುತ್ತಿದ್ದ ಕಾಯಿ. ಅಲ್ಲಾಡಿಸಿದೆ... ನೀರಿರಲಿಲ್ಲ. ಒಳಗೆ ಒಣಗಿದ ಕೊಬ್ಬರಿ ಗಟಗಟ ಅಂತು. ಸುಳ್ಳಲ್ಲ ಕಣ್ರೋ, ಈ ಕೈಯಲ್ಲೇ ಅಲ್ಲಾಡಿಸಿದ್ದು.