ಬಲಕ್ಕೆ ತಿರುಗಿದ ಹೆಣಿಗೆ

...ನೀರು ಗೀರು ಏನೂ ಬೇಡ, ನೀರು ಕುಡಿಯೋಕೆ ಬಂದಿಲ್ಲ ನಾನು ನಿನ್ನ ಕೋಣೆಗೆ! ಬಾಗಿಲು ಹಾಕು. ಅತ್ತೆ ಮಲಗಿದ್ದಾರೆ, ಅವರ ಕಿವಿಗೆ ಬೀಳೋದು ಬೇಡ. ಹಾಕಿದ್ಯಾ? ಈಗ ಹೇಳು. ಅಂಗಡೀಲಿ ನನ್ನ ಚೀಟಿ ಕೆಳಗೆ ನೇತಾಡ್ತಿರೋ ಬ್ಯಾಗಿನ ಹಿಡಿಗಳನ್ನ ಹೆಣೆದಿದ್ದು ಯಾರು?

ಏನು ಹಾಗೆ ನೋಡ್ತೀಯ? 'ನೀವೇ ಅಲ್ವಾ ಅಕ್ಕ' ಅಂತ ಕಣ್ಣಲ್ಲೇ ಕೇಳ್ತಿದೀಯಾ... ಆಹಾ! ಮಳ್ಳಿ ಮಳ್ಳಿ ಮಂಚಕ್ಕೆಷ್ಟು ಕಾಲು ಅಂದ್ರೆ ಮೂರು ಮತ್ತೊಂದು ಅಂದ್ಳಂತೆ!

ಇವತ್ತು ಸೋಪು ತರೋಕೆ ಹೋದವಳು ಹಾಗೇ ಆ ಅಂಗಡಿಗೆ ಕಾಲಿಟ್ಟೆ. ಯಾವಾಗಲೂ ನೀನೇ ತಾನೆ ಹೆಣೆದಿದ್ದನ್ನ ಒಯ್ಯೋದು? 'ನಿಮಗ್ಯಾಕೆ ಅಕ್ಕ ಬಿಸಿಲು, ನಾನು ಕೊಟ್ಟು ಬರ್ತೀನಿ.' ಎಷ್ಟು ಅಕ್ಕರೆ ಅಂದ್ಕೊಂಡಿದ್ದೆ, ದಡ್ಡಿ ನಾನು! ಅಂಗಡಿಯಮ್ಮ ಕುರ್ಚಿ ಎಳೆದು ಕೂರಿಸಿದ್ಳು. 'ಈಚೀಚೆಗೆ ನಿಮ್ಮ ಗಂಟು ಇನ್ನೂ ಬಿಗಿಯಾಗಿದೆ, ಚೀಲಕ್ಕೆ ಕಲ್ಲು ತುಂಬಿದ್ರೂ ಹಿಡಿ ಬಿಚ್ಚಲ್ಲ' ಅಂದ್ಳು. ನಾನೂ ಹಲ್ಲು ಕಿರಿದೆ. ಆಮೇಲೆ ಗೋಡೆ ಕಡೆ ನೋಡ್ದೆ ಕಣೇ...

ಒಂದೇ ಬದಿಯಿಂದ ಗಂಟು ಹಾಕ್ತಾ ಹೋದ್ರೆ ಹೆಣಿಗೆ ತಾನಾಗೇ ತಿರುಚಿಕೊಳ್ಳುತ್ತೆ. ನಿಮ್ಮಂಥ ಬಲಗೈಯವರದೆಲ್ಲ ಬಲಕ್ಕೆ. ನಾನು ಎಡಚಿ, ನನ್ನದು ಎಡಕ್ಕೆ. ಅದಕ್ಕೇ ಅವಳು 'ಎಡಚಿ ಹೆಣಿಗೆ' ಅಂತ ಚೀಟಿ ಬರೆಸಿ ಹಾಕಿದ್ದು. ಆ ಚೀಟಿ ಕೆಳಗೆ, ಸಾಲಾಗಿ, ಒಂದೂ ಬಿಡದೆ... ಬಲಕ್ಕೆ! ಎಲ್ಲಾ ಬಲಕ್ಕೆ!

ನಗ್ತಿದೀಯಾ? ...ಅಳ್ತಿದೀಯಾ? ಚೆನ್ನಾಗಿದೆ. ಅಳಬೇಕಾದವಳು ನಾನು, ಕಣ್ಣೀರು ನಿಂದು!

ಈ ಮನೆಗೆ ಕಿರಿಸೊಸೆಯಾಗಿ ಬಂದಾಗ ನಿನಗೆ ಒಂದು ರಿಬ್ಬನ್ ನೆಟ್ಟಗೆ ಕಟ್ಟೋಕೆ ಬರ್ತಿತ್ತಾ? ಪಕ್ಕದಲ್ಲಿ ಕೂತ್ರೆ ಎಡಬಲ ಗೊಂದಲ ಆಗುತ್ತೆ ಅಂತ, ಕುರ್ಚಿ ಬೆನ್ನಿಗೆ ದಾರ ಕಟ್ಟಿ ನಿನ್ನ ಎದುರಿಗೆ ಕೂತು ಕಲಿಸ್ದೆ. 'ಕನ್ನಡಿ ನೋಡ್ಕೊಂಡ ಹಾಗೆ ಮಾಡು' ಅಂದೆ. ಮಾಡ್ದೆ ನೀನು! ಗುರುವಿಗೇ ತಿರುಮಂತ್ರ ಹಾಕ್ದೆ! ಸೊಸೆ, ಹೆಂಡತಿ, ಅಮ್ಮ, ಅತ್ತಿಗೆ... ನನ್ನನ್ನ ಕರೆಯೋಕೆ ಎಷ್ಟು ಹೆಸರಿಲ್ಲ? ಎಲ್ಲಾ ಇನ್ನೊಬ್ಬರ ಕಡೆಯಿಂದ ಬಂದಿದ್ದು. ನನ್ನ ಕೈಯಿಂದ ಬಂದಿದ್ದು ಅದೊಂದು ಚೀಟಿ. ಅದನ್ನೂ ಕಿತ್ಕೊಂಡ್ಯಲ್ಲ! ಕೇಳಿದ್ರೆ ಕೊಡ್ತಿರಲಿಲ್ಲ, ನಿಜ. ಆದ್ರೆ ಕೇಳಬಹುದಿತ್ತು!

ನಾನು ಹೆಣೆದಿದ್ದೆಲ್ಲ ಎಲ್ಲಿ? ಯಾವ ತಿಪ್ಪೆಗೆ ಎಸೆದೆ? ...ಮಂಚದ ಕೆಳಗೆ ಯಾಕೆ ಬಗ್ತಿದೀಯ? ಓ... ಇಟ್ಕೊಂಡಿದೀಯಾ. ಚೀಲದ ತುಂಬಾ! ನೋಡು, ಎಡಕ್ಕೆ, ಎಡಕ್ಕೆ, ಎಲ್ಲಾ ಎಡಕ್ಕೆ. ಇವಕ್ಕೇನು ರೋಗ ಬಂದಿತ್ತು ಅಂತ ಹೀಗೆ ಬಚ್ಚಿಟ್ಟೆ?

ಏಯ್, ಹಾಗೆ ಜಗ್ಗಬೇಡ! ಯಾಕೆ... ಬಿಚ್ಕೊಂಡು ಬಿಡ್ತು. ಅದೊಂದು ಹಾಗಾಗಿರಬಹುದು. ಅವಸರದಲ್ಲಿ ಹೆಣೆದಿದ್ದಿರಬೇಕು. ಇನ್ನೊಂದು ಜಗ್ಗು, ಜಗ್ಗು ನೋಡೋಣ... ಇದೂನಾ? ...ಈ ಸಲದ ದಾರವೇ ಜಾರು ಕಣೇ! ನೈಲಾನ್ ದಾರ, ಎಣ್ಣೆ ಸವರಿದ ಹಾಗಿದೆ. ಸಾಕು, ಬಿಡು, ಮೂರನೇದು ತೆಗೀಬೇಡ. ಸಾಕು ಅಂದೆ!

ಬಾಯಿ ಬಿಟ್ಟು ಏನಾದ್ರೂ ಹೇಳೇ. ಬೇಕಾದ್ರೆ ಬೈಯಿ.

ನನ್ನ ಬೆರಳಿನ ಪಟ್ಟಿ ಯಾಕೆ ನೋಡ್ತೀಯ? ದಾರದ ತುದಿ ಸುಟ್ಟು ಅಂಟಿಸೋವಾಗ ತಾಗಿತು ಅಂತ ಆವತ್ತೇ ಹೇಳಲಿಲ್ವಾ? ನೀನು ಅಡುಗೆಮನೆಯಿಂದ ಓಡಿ ಬಂದು ಮೇಣದಬತ್ತಿ ಊದಿದೆ. ಸುಟ್ಟ ವಾಸನೆ ನಿನ್ನ ಮೂಗಿಗೆ ಮೊದಲು ಬಂತು, ಅಷ್ಟೇ. ನಾನು ಕೂಗಲಿಲ್ಲ, ಹೌದು. ಸಣ್ಣಪುಟ್ಟದಕ್ಕೆಲ್ಲ ಕೂಗೋ ಹೆಂಗಸಲ್ಲ ನಾನು! ಮೊನ್ನೆ ನನ್ನ ಕೈಯಿಂದ ಬಿದ್ದ ಲೋಟಗಳಾ? ಲೋಟ ಯಾರ ಕೈಯಿಂದ ಬೀಳಲ್ಲ ಹೇಳು!

ಸರಿ. ಹೊಸ ದಾರ ಇದೆಯಲ್ಲ, ಕೊಡು ಇಲ್ಲಿ. ನಿನ್ನ ಕಣ್ಣೆದುರಿಗೇ ಹೆಣೆದು ತೋರಿಸ್ತೀನಿ, ಆನೆ ಕಟ್ಟಿದ್ರೂ ಬಿಚ್ಚಬಾರದು. ತಲೆ ತಗ್ಗಿಸಬೇಡ, ನನ್ನ ಮುಖ ನೋಡು. ನಾನೂ ನಿನ್ನ ಮುಖಾನೇ ನೋಡ್ತಿದೀನಿ, ಎಷ್ಟು ಹೊತ್ತು ಸುಳ್ಳು ಹೊತ್ಕೊಂಡಿರುತ್ತೆ ಅಂತ. ಕೊಡೇ! ಕೈ ಚಾಚ್ಕೊಂಡು ಎಷ್ಟು ಹೊತ್ತು ನಿಂತಿರಲಿ ಭಿಕ್ಷುಕಿ ಹಾಗೆ? ದಾರ ಕೊಡು ಅಂದೆ... ಕೇಳಿಸ್ತಿಲ್ವಾ? ಯಾಕೆ ಸುಮ್ನೆ ನನ್ನ ಕೈಯನ್ನೇ ನೋಡ್ತಾ...

...

ಯಾವಾಗ... ಯಾವಾಗಿಟ್ಟೆ ಈ ದಾರಾನ, ನನ್ನ ಕೈಯಲ್ಲಿ?