ಲೇಯಳಿಗೆ ಎತ್ತಿಟ್ಟ ಹಿಡಿ ಅಕ್ಕಿ

ಕಡಲ ಬದಿಯ ಒಂದೂರಲ್ಲಿ ಒಬ್ಬ ವಿಧವೆ ಇದ್ದಳು. ಒಂದು ಮಂಗಳವಾರ ತೀರಿಕೊಂಡಳು, ಬುಧವಾರ ಮಣ್ಣಾಯಿತು. ಸಭೆಯವರೆಲ್ಲ ಹೋದರು, ಕೀರ್ತನೆ ಹಾಡಿದರು, ಮನೆಗೆ ಬಂದು ಸ್ನಾನ ಮಾಡಿ ಊಟ ಮಾಡಿದರು. ಯಾರ ಕಣ್ಣೂ ಒದ್ದೆಯಾಗಲಿಲ್ಲ. ಆದರೆ ತಾನು ಕಳೆದುಕೊಂಡದ್ದು ಏನೆಂದು ಆ ಊರಿಗೆ ತಿಳಿದದ್ದು ಅವತ್ತಲ್ಲ. ತಿಳಿದದ್ದು ಹತ್ತು ದಿನ ಕಳೆದು ಬಂದ ಶನಿವಾರ.

ನೋಡಿ, ಮಣ್ಣು ಕೊಟ್ಟ ದಿನ ಒಂದು, ಸಾವು ಗೊತ್ತಾದ ದಿನ ಇನ್ನೊಂದು. ಹೀಗೂ ಆಗುತ್ತದೆಯೇ ಎಂದು ಕೇಳುತ್ತೀರಿ. ಆಗುತ್ತದೆ. ನಮ್ಮ ಅಜ್ಜನ ಅಜ್ಜಂದಿರ ಕಾಲದಲ್ಲಿ ಆಯಿತು.

ಆ ಊರಲ್ಲಿ ಮಿಶನಿನ ಒಂದು ಅಚ್ಚುಕೂಟವಿತ್ತು. ಅಲ್ಲಿಂದ ತಿಂಗಳಿಗೊಮ್ಮೆ, ಶನಿವಾರ, ಎಂಟು ಪುಟದ ಪತ್ರಿಕೆ ಬರುತ್ತಿತ್ತು. ಕಡೆಯ ಎರಡು ಪುಟದಲ್ಲಿ ಒಂದು ಕತೆ. ಬರೆದವರ ಹೆಸರು ಹಾಕುವ ಪದ್ಧತಿ ಇರಲಿಲ್ಲ. ಮಹಿಮೆ ದೇವರಿಗೊಬ್ಬನಿಗೇ ಇರಲಿ ಎಂದು ಹಿರಿಯರು ಮಾಡಿದ ಕಟ್ಟಳೆ ಅದು. ಅಚ್ಚಿನ ತಪ್ಪು ತಿದ್ದುವ ಯಾಕೋಬ ಮುನ್ಷಿಗಳೇ ಬರೆಯುತ್ತಾರೆ ಎಂದು ಊರೆಲ್ಲ ನಂಬಿತ್ತು. ಓದು ಬಲ್ಲವರ ಜಗಲಿಯಲ್ಲಿ ಹೆಂಗಸರು ಸೇರುತ್ತಿದ್ದರು, ಒಬ್ಬಳು ಓದುತ್ತಿದ್ದಳು, ಉಳಿದವರು ಮೂಗೊರೆಸಿಕೊಳ್ಳುತ್ತ ಕೇಳುತ್ತಿದ್ದರು.

ಹಾಗೆ ಓದುವವರಲ್ಲಿ ನೇಕಾರರ ಮನೆಯ ಪ್ರಿಸ್ಕಿಲ್ಲಮ್ಮ ಒಬ್ಬಳು. ಎರಡು ವರ್ಷದಿಂದ ಬರುತ್ತಿದ್ದದ್ದು ಲೇಯ ಎಂಬ ಹುಡುಗಿಯ ಕತೆ. ಘಟ್ಟದ ಮೇಲಿನಿಂದ ಮದುವೆಯಾಗಿ ಕೆಳಗೆ ಬಂದವಳು, ಗಂಡ ಸತ್ತವಳು. ಅವಳ ಜೊತೆ ಯಾರೂ ಮಾತಾಡುವುದಿಲ್ಲ. ಪ್ರಿಸ್ಕಿಲ್ಲಮ್ಮನಿಗೆ ಈ ಲೇಯಳ ಮೇಲೆ ಹೊಟ್ಟೆಯ ಮಗಳ ಹಾಗೆ ಮರುಕ ಹುಟ್ಟಿತು. ಕತೆ ಎಂದರೆ ಕಟ್ಟಿದ್ದು ಎಂದು ಅವಳಿಗೆ ಗೊತ್ತಿರಲಿಲ್ಲ. ಪಾದ್ರಿಗಳ ಪತ್ರಿಕೆಯಲ್ಲಿ ಬಂದದ್ದು ಸುಳ್ಳಾಗುವುದು ಹೇಗೆ? ಹೊತ್ತುಹೊತ್ತಿಗೆ ಅಡುಗೆಗೆ ಅಕ್ಕಿ ಅಳೆಯುವಾಗ ಸಭೆಗೆಂದು ಒಂದು ಹಿಡಿ ಎತ್ತಿಡುತ್ತಾರಲ್ಲ, ಅದರ ಪಕ್ಕದಲ್ಲಿ ಲೇಯಳಿಗೆಂದು ಇನ್ನೊಂದು ಮಡಕೆ ಇಟ್ಟಳು. ತಿಂಗಳಾದ ಮೇಲೆ ಆ ಅಕ್ಕಿಯನ್ನು ಗಂಟು ಕಟ್ಟಿ ಅಚ್ಚುಕೂಟಕ್ಕೆ ಒಯ್ದಳು.

“ಮುನ್ಷಿಗಳೇ, ಇದನ್ನು ಅವಳಿಗೆ ಮುಟ್ಟಿಸಬೇಕು. ನಾನು ಕೊಟ್ಟದ್ದು ಅಂತ ಹೇಳುದು ಬೇಡ.”

ಮುನ್ಷಿಗಳು ಗಂಟನ್ನೂ ಅವಳನ್ನೂ ನೋಡಿದರು. “ಆಯ್ತಮ್ಮ, ಮುಟ್ಟಿಸ್ತೇನೆ” ಎಂದರು. ಮುಂದೆ ಪ್ರತಿ ತಿಂಗಳೂ ಗಂಟು ಹೋಯಿತು. ಭಾನುವಾರದ ಆರಾಧನೆಯಲ್ಲಿ ಹೆಂಗಸರೆಲ್ಲ ಲೇಯಳ ಹೆಸರೆತ್ತಿ ಪ್ರಾರ್ಥನೆಯನ್ನೂ ಮಾಡತೊಡಗಿದರು.

ಈಗ ಆ ಶನಿವಾರಕ್ಕೆ ಬನ್ನಿ. ಪತ್ರಿಕೆ ಬಂತು. ಕಡೆಯ ಪುಟದಲ್ಲಿ ಕತೆಯಿಲ್ಲ, ಹೆಂಚಿನ ದರದ ಪಟ್ಟಿಯಿದೆ. ಪ್ರಿಸ್ಕಿಲ್ಲಮ್ಮ ಪುಟ ಮಗುಚಿದಳು, ಮತ್ತೆ ಮಗುಚಿದಳು. ಮಗ್ಗುಲ ಮನೆಯ ದೀನಮ್ಮ, “ಎಂತ ಮಾರಾಯ್ತಿ, ಲೇಯ ಹೆಂಚಿನ ಕಾರ್ಖಾನೆಗೆ ಸೇರಿದಳಾ?” ಎಂದು ನಕ್ಕಳು. ಪ್ರಿಸ್ಕಿಲ್ಲಮ್ಮ ನಗಲಿಲ್ಲ. ಅವಳನ್ನೂ ಕರೆದುಕೊಂಡು ನೇರ ಅಚ್ಚುಕೂಟಕ್ಕೆ ನಡೆದಳು.

“ಲೇಯಳಿಗೆ ಎಂತಾಯಿತು? ಹುಷಾರಿದ್ದಾಳಲ್ಲ?”

ಮುನ್ಷಿಗಳು ಕನ್ನಡಕ ತೆಗೆದರು. “ಬರೆಯುವವರು ಹೋದರಲ್ಲಮ್ಮ.”

“ನೀವು ಇಲ್ಲೇ ಇದ್ದೀರಲ್ಲ.”

“ನಾನು ಬರೆದದ್ದು ಒಂದು ಸಾಲೂ ಇಲ್ಲ. ಇಪ್ಪತ್ತೆರಡು ವರ್ಷ ಬರೆದದ್ದು ದೊರಸಾನಿ. ಹೋದ ವಾರ ನೀವು ಮಣ್ಣು ಹಾಕಿ ಬಂದಿರಲ್ಲ, ಅವರು. ಹೇಳಬಾರದು ಅಂತ ಹಿರಿಯರ ಕಟ್ಟಪ್ಪಣೆ ಇತ್ತು. ಈಗ ಯಾರಿಗೆ ಹೆದರಲಿ?”

ದೀನಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಮುನ್ಷಿಗಳು ಹೇಳುತ್ತ ಹೋದರು, ಇಬ್ಬರೂ ನಿಂತೇ ಕೇಳಿದರು.

ಒತ್ತೀಲಿಯ ಎಂಬುದು ಆಕೆಯ ಹೆಸರು. ಹಿರಿಯರು ಗೊತ್ತುಮಾಡಿದ ಗಂಡನನ್ನು ಮದುವೆಯಾಗಲು, ಅವನ ಮುಖವನ್ನೇ ನೋಡದೆ, ಹತ್ತೊಂಬತ್ತನೆಯ ವಯಸ್ಸಿಗೆ ಜರ್ಮನಿಯಿಂದ ಹಡಗು ಹತ್ತಿ ಬಂದವಳು. ಆತ ಈ ಅಚ್ಚುಕೂಟಕ್ಕೆ ಸೀಸ ಕರಗಿಸಿ ಅಕ್ಷರದ ಮೊಳೆ ಎರೆಯುತ್ತಿದ್ದ. ಏಳು ವರ್ಷಕ್ಕೆ ಜ್ವರದಲ್ಲಿ ಹೋದ. ಊರಿಗೆ ಕಳಿಸುತ್ತೇವೆ ಎಂದರು ಹಿರಿಯರು. “ಇಲ್ಲಿಯ ಮಾತು ಈಗಷ್ಟೇ ಬಾಯಿಗೆ ಬಂದಿದೆ, ಹೇಗೆ ಬಿಟ್ಟು ಹೋಗಲಿ” ಎಂದಳು ಆಕೆ. ಬಂಗಲೆ ಬಿಟ್ಟು ಅಚ್ಚುಕೂಟದ ಹಿಂದಿನ ಎರಡು ಕೋಣೆಗೆ ಬಂದಳು. ಕತೆ ಬರೆದು ಕೊಟ್ಟಳು. ಕಟ್ಟುಕತೆ ಎಂದರೆ ಸುಳ್ಳಲ್ಲವೇ ಎಂದು ಹಿರಿಯರು ಹಿಂತಿರುಗಿಸಿದರು. ನಾಲ್ಕು ಸಲ ಕೊಟ್ಟಳು, ನಾಲ್ಕು ಸಲವೂ ಹಿಂದಕ್ಕೆ ಬಂತು. ಐದನೆಯ ಸಲ ಪತ್ರಿಕೆಯಲ್ಲಿ ಎರಡು ಪುಟ ಖಾಲಿ ಉಳಿದಿತ್ತು, ಹಾಕಿದರು.

“ಮೊದಲು ನಾನು ತುಂಬ ತಿದ್ದುತ್ತಿದ್ದೆ,” ಎಂದರು ಮುನ್ಷಿಗಳು. “ಆಮೇಲೆ ತಿದ್ದುವುದಕ್ಕೆ ಏನೂ ಇರಲಿಲ್ಲ. ನಮ್ಮ ಹೆಂಗಸರು ಮಾತಾಡಿದ ಹಾಗೇ. ಎಲ್ಲಿ ಕಲಿತಿರಿ ಅಮ್ಮ ಅಂತ ಒಮ್ಮೆ ಕೇಳಿದೆ. ಅವರ ಕಿಟಕಿಯ ಹಿಂದೆ ಬಾವಿಕಟ್ಟೆ ಉಂಟಲ್ಲ? ನೀವೆಲ್ಲ ನೀರಿಗೆ ಬಂದಾಗ ಆಡುವುದನ್ನು ಕೇಳಿ ಬರೆದಿಟ್ಟುಕೊಳ್ಳುತ್ತಿದ್ದರಂತೆ. ಜೊತೆಗೆ ಕೂತು ಕಲಿಸುವವರು ಯಾರಿದ್ದರು?”

“ನನ್ನ ಅಕ್ಕಿ?” ಎಂದಳು ಪ್ರಿಸ್ಕಿಲ್ಲಮ್ಮ.

“ಲೇಯಳಿಗೆ ಕೊಡಿ ಅಂದಿರಿ. ಲೇಯ ಅಂದರೆ ಅವರೇ ಅಂತ ನನಗೆ ಗೊತ್ತಿತ್ತು. ಮೊದಲನೆಯ ಗಂಟು ಕೊಟ್ಟಾಗ ಅವರು ನಕ್ಕರು. ಆಮೇಲೆ ಗೋಡೆ ಕಡೆ ತಿರುಗಿ ನಿಂತರು. ಗಂಜಿ ಮಾಡಿಕೊಂಡು ಉಂಡರು, ಪ್ರತಿ ತಿಂಗಳೂ. ಕೊಟ್ಟದ್ದು ಯಾರು ಅಂತ ಒಂದು ಸಲ ಕೇಳಿದರು. ನೀವು ಹೇಳುದು ಬೇಡ ಅಂದಿದ್ದಿರಲ್ಲ.”

ಆಮೇಲೆ ಮುನ್ಷಿಗಳು ದೊರಸಾನಿ ಬರೆದಿಟ್ಟಿದ್ದ ಕಡೆಯ ಹಾಳೆ ತೆಗೆದು ಓದಿದರು. ಲೇಯ ಒಂದು ಸಂಜೆ ನೆರೆಮನೆಗೆ ಹೋಗುತ್ತಾಳೆ. ಹೆಂಗಸರು ಜಗಲಿಯಲ್ಲಿ ಚಾಪೆ ಹಾಸಿಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುತ್ತ ನಗುತ್ತಿರುತ್ತಾರೆ. ಇವಳನ್ನು ಕಂಡದ್ದೇ ಎಲ್ಲರೂ ಎದ್ದು ನಿಲ್ಲುತ್ತಾರೆ. ಒಳಗಿನಿಂದ ಕುರ್ಚಿ ತಂದು ಒರೆಸಿ ಕೂರಿಸುತ್ತಾರೆ. ಯಾರೂ ಮಾತಾಡುವುದಿಲ್ಲ. ಲೇಯ ತಾನೇ ಎರಡು ಮಾತಾಡಿ, ಕಾಫಿ ಕುಡಿದು ಏಳುತ್ತಾಳೆ. ಗೇಟು ದಾಟುವಾಗ ಹಿಂದಿನಿಂದ ಕೇಳಿಸುತ್ತದೆ: “ಅಚ್ಚಾದ ಪುಸ್ತಕ ನಡೆದುಕೊಂಡು ಬಂದ ಹಾಗೆ ಮಾತಾಡ್ತಾರಪ್ಪ.” ಮನೆಗೆ ಬಂದು ತನ್ನ ಜಗಲಿಯಲ್ಲಿ ತಾನೇ ಚಾಪೆ ಹಾಸುತ್ತಾಳೆ. ನಾಳೆಯಾದರೂ ಯಾರಾದರೂ ಬಂದಾರು ಎಂದು ಕಾಯುತ್ತಾಳೆ.

ದೊರಸಾನಿ ಒಂದು ಸಂಜೆ ತನ್ನ ಮನೆಗೆ ಬಂದದ್ದು ಪ್ರಿಸ್ಕಿಲ್ಲಮ್ಮನಿಗೆ ನೆನಪಾಯಿತು. ಆ ಜಗಲಿ ಅವಳದು. ಆ ಕುರ್ಚಿ ಒರೆಸಿದ್ದು ಅವಳ ಸೆರಗಿನಿಂದ. ಆ ಮಾತು ಆಡಿ ಎಲ್ಲರನ್ನೂ ನಗಿಸಿದ್ದೂ ಅವಳೇ.

“ಮತ್ತೆ? ಲೇಯಳ ಮನೆಗೆ ಹೋದಳಾ, ಆ ನೆರೆಮನೆಯವಳು?”

“ಹಾಳೆ ಇಲ್ಲಿಗೇ ನಿಂತಿದೆಯಮ್ಮ.”

ಪ್ರಿಸ್ಕಿಲ್ಲಮ್ಮ ಮನೆಗೆ ಹೋಗಲಿಲ್ಲ. ಅಚ್ಚುಕೂಟದ ಹಿಂದಕ್ಕೆ ಹೋಗಿ, ಬೀಗ ಹಾಕಿದ ಆ ಕೋಣೆಯ ಮುಂದಿನ ಕಲ್ಲಿನ ಮೇಲೆ ಕತ್ತಲಾಗುವವರೆಗೆ ಕೂತಳು. ದೀನಮ್ಮ ಕರೆದರೂ ಏಳಲಿಲ್ಲ. ಆದರೆ ಮಾತಾಡಬೇಕಾಗಿದ್ದವಳು ಒಳಗಿರಲಿಲ್ಲ.

ಈಗ ನನಗೆ ಹೇಳಿ, ಪ್ರಿಸ್ಕಿಲ್ಲಮ್ಮ ಕೆಟ್ಟ ಹೆಂಗಸೇ? ಅಲ್ಲವೇ ಅಲ್ಲ. ತನ್ನ ಮಕ್ಕಳ ಗಂಜಿಯಿಂದ ಹಿಡಿ ಅಕ್ಕಿ ತೆಗೆದವಳು. ಮರ್ಯಾದೆ ಕೊಟ್ಟವಳು, ಕುರ್ಚಿ ಕೊಟ್ಟವಳು, ಕಾಫಿ ಕೊಟ್ಟವಳು. ಕೊಡದೇ ಉಳಿದದ್ದು ಒಂದೇ, ಪಕ್ಕದಲ್ಲಿ ಕೂರುವುದು. ಕಾಗದದ ಮೇಲಿನ ಒಂಟಿಯವಳಿಗೆ ಅತ್ತವಳು ಬಾವಿಯ ಹಿಂದಿನ ಒಂಟಿಯವಳನ್ನು ಕಾಣಲಿಲ್ಲ.

ನಾವು ಬೇರೆ ಏನು ಮಾಡುತ್ತೇವೆ? ದೂರದವರ ಕಷ್ಟ ಕೇಳಿ ಕಣ್ಣೀರು ಹಾಕುತ್ತೇವೆ, ಕಾಣಿಕೆ ಹಾಕುತ್ತೇವೆ, ಹಾಕಿ ಮನೆಗೆ ಹೋಗುತ್ತೇವೆ. ನೋಡಿ, ಈ ಆಲಯದಲ್ಲೇ ಕೊನೆಯ ಬೆಂಚಿನ ತುದಿಯಲ್ಲಿ ಕೂರುವವರಿದ್ದಾರೆ. ಬೇರೆ ಊರಿನಿಂದ ಬಂದವರು, ನಮ್ಮ ಮಾತು ನಮ್ಮ ಹಾಗೆ ಆಡಲು ಬಾರದವರು. ಎಷ್ಟು ವರ್ಷದಿಂದ ಅವರಿಗೆ ಕೈ ಮುಗಿಯುತ್ತಿದ್ದೀರಿ? ಅವರು ಬೆಳಗ್ಗೆ ಎದ್ದು ಮೊದಲು ಯಾರ ಮುಖ ನೋಡುತ್ತಾರೆ, ಗೊತ್ತೇ? ಹಬ್ಬದ ದಿನ ಯಾರ ಜೊತೆ ಉಣ್ಣುತ್ತಾರೆ, ಗೊತ್ತೇ? ಗೊತ್ತಿಲ್ಲದಿದ್ದರೆ ಇವತ್ತು ಆರಾಧನೆ ಮುಗಿದ ಕೂಡಲೇ ಚಪ್ಪಲಿ ಹುಡುಕಬೇಡಿ. ಹೋಗಿ ಅವರ ಪಕ್ಕದಲ್ಲಿ ಕೂತುಕೊಳ್ಳಿ. ಕೂತು ಮಾತಾಡಿ. ಅವರ ಮಾತು ಅಡ್ಡತಿಡ್ಡವಾದರೆ ನಗಬೇಡಿ, ಕಾಯಿರಿ. ಮುಂದಿನ ವಾರ ಮನೆಗೆ ಕರೆಯಿರಿ, ಅಡುಗೆಮನೆಗೇ ಕರೆಯಿರಿ, ಕೈಗೆ ಒಂದು ಕೆಲಸ ಕೊಡಿ. ಕೆಲಸ ಕೊಟ್ಟರೆ ನಮ್ಮವರಾದರು. ಇದಕ್ಕೆ ಹಣ ಬೇಡ, ವಿದ್ಯೆ ಬೇಡ. ಬದುಕಿರುವಾಗ ಮಾತ್ರ ಮಾಡಲು ಸಾಧ್ಯ.

ಎದ್ದು ನಿಲ್ಲಿ, ಪ್ರಾರ್ಥಿಸೋಣ.

ತಂದೆಯೇ, ಪರದೇಶದಿಂದ ಬಂದು, ನಮ್ಮ ಮಾತನ್ನು ಕಿಟಕಿಯ ಮರೆಯಲ್ಲಿ ಕಲಿತು, ಅದೇ ಮಾತಿನಲ್ಲಿ ನಮ್ಮನ್ನು ಅಳಿಸಿ, ತಾನು ಒಬ್ಬಳೇ ಹೋದ ಒತ್ತೀಲಿಯಳನ್ನು ನಿನ್ನ ಮನೆಗೆ ಸೇರಿಸಿಕೊಂಡಿದ್ದೀ ಎಂದು ನಂಬುತ್ತೇವೆ. ಅಲ್ಲಿ ಆಕೆಯೊಡನೆ ಮಾತಾಡುವವರಿರಲಿ. ಆಕೆಯ ಆತ್ಮಕ್ಕೆ ಶಾಂತಿಯಾಗಲಿ. ಆಮೆನ್.