ಮಾಶಿಮಾ ಕಾಯ್ತಾ ಕೂತ ಕೊಳ

ಅಲ್ಲ ಕಣ್ರೋ, ಆ ಕೊರೋನಾ ಕಾಲದಲ್ಲಿ ಕಷ್ಟ ಅಂದ್ರೆ ಅಂಗಡೀಲಿ ಅಕ್ಕಿ ಸಿಗದೇ ಇದ್ದಿದ್ದಲ್ಲ, ಅದು ಹೇಗೋ ಆಯ್ತು, ನಿಮ್ಮಪ್ಪ ಕ್ಯೂನಲ್ಲಿ ನಿಂತು ಒಂದು ಮೂಟೆ ಸೋನಾ ಮಸೂರಿ ಹೊತ್ಕೊಂಡು ಬಂದ್ರು, ಯುದ್ಧ ಗೆದ್ದೋರ ಥರ. ಕಷ್ಟ ಯಾವುದು ಗೊತ್ತಾ, ಮಾತಾಡೋಕೆ ಜನ ಇಲ್ಲದೇ ಇದ್ದಿದ್ದು. ನಾನು ಈ ಸ್ಯಾನ್ ಡಿಯಾಗೋಗೆ ಬಂದಿದ್ದು ನಿಮ್ಮಮ್ಮನ ಬಾಣಂತನಕ್ಕೆ, ಈ ವಿಭು ಇನ್ನೂ ಹೊಟ್ಟೇಲಿದ್ದ. ಸೂಟ್‌ಕೇಸ್ ಬಿಚ್ಚೋ ಹೊತ್ತಿಗೆ ವಿಮಾನಗಳೆಲ್ಲ ನಿಂತ್ಹೋದ್ವು. ನಿಮ್ಮಪ್ಪ ಒಂದು ರೂಮಲ್ಲಿ ಲ್ಯಾಪ್‌ಟಾಪ್ ಮುಂದೆ, ನಿಮ್ಮಮ್ಮ ಇನ್ನೊಂದು ರೂಮಲ್ಲಿ, ತನ್ವಿ, ನೀನು ಐಪ್ಯಾಡ್ ಹಿಡ್ಕೊಂಡು ಸ್ಕೂಲು. "ತನ್ವಿ ಪುಟ್ಟಾ, ದೋಸೆ ಹಾಕ್ಲಾ?" ಅಂದ್ರೆ "ಅಜ್ಜಿ, ಐ ಆ್ಯಮ್ ಆನ್ ಮ್ಯೂಟ್!" ಅಂತಿದ್ದೆ. ನೀನು ಮ್ಯೂಟಾದ್ರೆ ನಂಗ್ಯಾಕೆ ಕಿರುಚ್ತೀಯ? ನಗಬೇಡ, ಆಗ ನನಗೆ ಅಳು ಬರ್ತಿತ್ತು.

ಅದಕ್ಕೇ ಬೆಳಗ್ಗೆ ಮಾಸ್ಕ್ ಹಾಕ್ಕೊಂಡು ವಾಕಿಂಗ್ ಹೋಗ್ತಿದ್ದೆ. ಒಂದಿನ ಎದುರಿಗೆ ಒಬ್ಬ ಮುದುಕಿ ಬಂದ್ರು. ಮುದುಕಿ ಅಂದ್ರೆ ನನಗಿಂತ ಮುದುಕಿ, ಎಂಬತ್ತು ದಾಟಿತ್ತು. ಬಿಳೀ ಕಾಟನ್ ಸೀರೆ, ಮೇಲೆ ಮಗನ ಸ್ವೆಟರ್, ಕಾಲಿಗೆ ಸ್ಪೋರ್ಟ್ಸ್ ಶೂ. ಬಿಸಿಲಿಗೆ ಬಂಗಾಳಿಯಲ್ಲಿ ಬೈಕೊಂಡು ಬರ್ತಿದ್ರು. ನಾನು ಸುಮ್ಮನಿರ್ತೀನಾ, ಬಂಗಾಳಿಯಲ್ಲೇ "ಹೌದು ಕಣ್ರೀ, ಕಣ್ಣಿಗೆ ಚುಚ್ಚತ್ತೆ" ಅಂದೆ. ಅವರ ಕೈಯಿಂದ ಊರುಗೋಲು ಬಿದ್ದೇ ಹೋಯ್ತು! ನಿಮ್ಮ ತಾತಂಗೆ ಕಲ್ಕತ್ತೆಗೆ ಟ್ರಾನ್ಸ್‌ಫರ್ ಆಗಿತ್ತಲ್ಲ, ಮದುವೆಯಾದ ಹೊಸದ್ರಲ್ಲಿ... ಅಲ್ಲ ಅಲ್ಲ, ನಿಮ್ಮಮ್ಮ ಹುಟ್ಟಿದ್ಮೇಲೆ, ಅವಳ ಮೊದಲ ಮಾತೇ ಬಂಗಾಳಿ. ನಾವು ಎಲ್ಲಿದ್ವು ಅಂತ ಕೇಳಿದ್ರು. ಗಡಿಯಾ ಅಂದೆ. ಕಲ್ಕತ್ತೆ ದಕ್ಷಿಣದಲ್ಲಿ ಪಟ್ಟಣ ಮುಗಿದು ಗದ್ದೆ ಶುರುವಾಗೋ ಜಾಗ ಅದು, ಆಗ. "ರೈಲು ಹಳಿ ಈ ಕಡೆನಾ, ಆ ಕಡೆನಾ?" "ಮಾರ್ಕೆಟ್ ಕಡೆ." "ಹಾಗಾದ್ರೆ ನಾನು ಹಳಿ ಆಚೆ! ಪುಕುರ್ ನೋಡಿದೀಯಾ?" ನೋಡದೇ ಏನು, ಆ ಕಡೆ ಹೋದೋರಿಗೆಲ್ಲ ಕಾಣ್ತಿತ್ತು. ಪುಕುರ್ ಅಂದ್ರೆ ಕೊಳ. ಅವರನ್ನ ನಾನು ಮಾಶಿಮಾ ಅಂತಿದ್ದೆ, ದೊಡ್ಡಮ್ಮ ಅಂದ ಹಾಗೆ. ಅವರು ನನ್ನ ಬೌಮಾ ಅಂತಿದ್ರು, ಅಂದ್ರೆ ಸೊಸೆ. ಎಪ್ಪತ್ತು ವರ್ಷದ ಸೊಸೆ, ನೋಡ್ಕೊಳ್ಳಿ!

ಆಮೇಲೆ ದಿನಾ ನಾವಿಬ್ರೂ ದೂರ ದೂರ ನಿಂತ್ಕೊಂಡು ಅದೇ ಮಾತು. ಅವರ ಮಗ ಶುಭೋಗೆ ಇಲ್ಲೇ ಟೊರ್ರಿ ಪೈನ್ಸ್‌ನಲ್ಲಿ ಲ್ಯಾಬಲ್ಲಿ ಕೆಲಸ, ಒಳ್ಳೇ ಹುಡುಗ, ಹುಡುಗ ಏನು, ತಲೆ ನರೆತಿದೆ. ಮಾಶಿಮಾಗೆ ಮರೆವು ಶುರುವಾಗಿತ್ತು. ಬೆಳಗ್ಗೆ ತಿಂದಿದ್ದು ನೆನಪಿರ್ತಿರಲಿಲ್ಲ, ಆದ್ರೆ ಅವರ ಪಾಡಾ ಅಂದ್ರೆ... ಪಾಡಾ ಅಂದ್ರೆ ನಮ್ಮ ಮೊಹಲ್ಲಾ ಇದ್ದ ಹಾಗೆ ಕಣ್ರೋ, ಆದ್ರೆ ಅಲ್ಲಿ ಒಬ್ಬರ ಮನೆ ಒಗ್ಗರಣೆಗೆ ಇನ್ನೊಬ್ಬರು ಸೀನ್ತಾರೆ, ಅಷ್ಟು ಹತ್ತಿರ. ಅದು ಮಾತ್ರ ಅಂಗೈ ಗೆರೆ ಥರ ಗೊತ್ತಿತ್ತು ಅವರಿಗೆ. ದೇಶ ಒಡೆದಾಗ ಪೂರ್ವ ಬಂಗಾಳದಿಂದ ಓಡಿ ಬಂದ ಜನ ಕಟ್ಟಿದ ಕಾಲೋನಿ ಅದು. ಜಾಗ ಎಲ್ಲಾ ಜೌಗು, ಕಾಲಿಟ್ರೆ ಮಂಡಿವರೆಗೆ ಕೆಸರು. ಮನೆ ಎತ್ತರ ಆಗ್ಬೇಕಂದ್ರೆ ಮಣ್ಣು ಬೇಕು, ಮಣ್ಣು ಎಲ್ಲಿಂದ ಬರತ್ತೆ? ಅಲ್ಲೇ ಮಧ್ಯದಲ್ಲಿ ತೋಡಿದ್ರು. ತೋಡಿದ್ದು ಪುಕುರ್ ಆಯ್ತು, ಎತ್ತಿ ಹಾಕಿದ್ದು ಮನೆ ಆಯ್ತು. ಹಾಗಾಗಿ ಯಾವ ಗಲ್ಲಿ ಹಿಡಿದ್ರೂ ಕೊನೆಗೆ ಪುಕುರ್‌ಗೇ ಹೋಗಿ ಸೇರತ್ತೆ. ಮಾಶಿಮಾ ಹೇಳೋರು, "ನಮ್ಮಪ್ಪ ತೋಡಿದ ಮಣ್ಣಿನ ಮೇಲೆ ನಾನು ಮಲಗಿ ಬೆಳೆದೆ ಬೌಮಾ, ಆ ನೀರಲ್ಲಿ ಈಜು ಕಲಿತೆ."

ನಾವು ಗಡಿಯಾ ಬಿಟ್ಟು ಬಂದ್ಮೇಲೆ, ಅಲ್ಲಿ ಪ್ರೊಮೋಟರ್‌ಗಳ ಕಾಲ ಬಂತಂತೆ. ಪ್ರೊಮೋಟರ್ ಅಂದ್ರೆ ನಿಮ್ಮ ಬಿಲ್ಡರ್. ಮುರಿದ ಮನೆಗಳ ಇಟ್ಟಿಗೆಚೂರು, ಮಣ್ಣು ಲಾರೀಲಿ ತಂದು ಕೊಳಕ್ಕೆ ಸುರಿಯೋದು, ತುಂಬಿದ್ಮೇಲೆ ಫ್ಲಾಟ್ ಎಬ್ಬಿಸೋದು. ಆಗ ಮಾಶಿಮಾನೂ ಸೇರಿ ಪಾಡಾದ ಹೆಂಗಸರು ಏನ್ಮಾಡಿದ್ರು ಗೊತ್ತಾ? ಕೊಳದ ಮೆಟ್ಟಿಲ ಮೇಲೆ ಪಾಳಿ ಹಾಕ್ಕೊಂಡು ಕೂತ್ರು. ಹಗಲೆಲ್ಲ ಒಬ್ಬರಾದ ಮೇಲೆ ಒಬ್ಬರು, ಚಪ್ಪಲಿ ಬಿಚ್ಚಿಟ್ಟು, ಕಾಲು ನೀರಿಗೆ ಬಿಟ್ಕೊಂಡು. ಹೆಂಗಸು ಕೂತ ಕಡೆ ಲಾರಿಯವನು ಮಣ್ಣು ಸುರೀತಾನಾ? ಒಂದೇ ನಿಯಮ ಅಂತೆ, ಮುಂದಿನೋಳು ಬಂದು ಪಕ್ಕ ಕೂತು "ಈಗ ನಂದು, ನೀವು ಹೋಗಿ" ಅನ್ನೋವರೆಗೂ ಏಳೋ ಹಾಗಿಲ್ಲ. ಅನ್ನ ಸೀದ್ರೂ ಸರಿ, ಗಂಡ ಕೂಗಿದ್ರೂ ಸರಿ. ಪುಕುರ್ ಉಳೀತು. ಇದನ್ನ ದಿನಾ ಹೇಳೋರು ಮಾಶಿಮಾ, ನಾನು ದಿನಾ ಮೊದಲ ಸಲ ಕೇಳಿದ ಹಾಗೆ "ಹೌದಾ!" ಅನ್ನೋದು. ನಿಜ ಹೇಳ್ಲಾ, ನಂಗೂ ಅದು ಬೇಕಿತ್ತು.

ಇಲ್ಲಿ ಭೂಮಿ ಉಲ್ಟಾ ನೋಡಿ. ಮನೆ ಎಲ್ಲಾ ಗುಡ್ಡದ ತಲೆ ಮೇಲೆ, ಕೆಳಗೆ ಕ್ಯಾನಿಯನ್, ಅಂದ್ರೆ ಆಳವಾದ ಕಣಿವೆ. ಮಳೆ ನೀರು ಇಳಿದು ನಿಲ್ಲಲಿ ಅಂತ ಆ ಕೆಳಗಡೆ ಒಂದು ಹೊಂಡ ತೋಡಿದಾರಲ್ಲ, ತಂತಿ ಬೇಲಿ ಹಾಕಿ, ಅದನ್ನ ಮೇಲಿಂದ ನೋಡ್ತಾ ಮಾಶಿಮಾ "ಪಾಪ, ಮೆಟ್ಟಿಲೂ ಇಲ್ಲ ಇದಕ್ಕೆ" ಅಂತ ಮರುಗೋರು.

ಏಪ್ರಿಲ್ ಅದು, ಮಳೆ ಚೆನ್ನಾಗೇ ಆಗಿತ್ತು. ಒಂದಿನ ಬೆಳಗ್ಗೆ ನಾವು ನಿಂತಿದ್ದಾಗ ಮಣ್ಣು ತುಂಬಿದ ದೊಡ್ಡ ಟ್ರಕ್ ಒಂದು ಪಕ್ಕದಲ್ಲೇ ಹೋಯ್ತು, ಅದರ ಹಿಂದೆ ಇನ್ನೊಂದು. ಎಲ್ಲೋ ಮನೆ ಕಟ್ತಿದ್ರು. ಮಾಶಿಮಾ ಊರುಗೋಲು ಬಿಗಿಯಾಗಿ ಹಿಡ್ಕೊಂಡು ಟ್ರಕ್ ಹೋದ ದಾರೀನೇ ನೋಡ್ತಾ ನಿಂತ್ಬಿಟ್ರು. ಸುಸ್ತೇನೋ ಅಂತ ಮನೆವರೆಗೂ ಬಿಟ್ಟು ಬಂದೆ.

ಮಧ್ಯಾಹ್ನ ನಾನು ಸಾರಿಗೆ ಬೇಳೆ ಬೇಯಕ್ಕಿಟ್ಟಿದ್ದೆ, ಬಾಗಿಲು ದಬದಬ. ಶುಭೋ. ಮೀಟಿಂಗಲ್ಲಿದ್ನಂತೆ, ಹೊರಗೆ ಬಂದು ನೋಡಿದ್ರೆ ಅಮ್ಮ ಇಲ್ಲ. "ಆಂಟಿ, ಅಮ್ಮ ಇಲ್ಲಿಗೆ ಬಂದ್ರಾ? ಫೋನ್ ಮನೇಲೇ ಬಿಟ್ಟಿದಾರೆ." ಬೆವರು ಕಿತ್ತು ಬರ್ತಿತ್ತು ಅವನಿಗೆ. ಪೊಲೀಸರಿಗೆ ಹೇಳಾಗಿತ್ತು. ನಿಮ್ಮಪ್ಪ ಲ್ಯಾಪ್‌ಟಾಪ್ ಮುಚ್ಚಿದ್ದು ಆವತ್ತೊಂದೇ ದಿನ! ಕಾರು ತಗೊಂಡು ಇಂಡಿಯನ್ ಸ್ಟೋರ್‌ಗೆ, ದೇವಸ್ಥಾನಕ್ಕೆ, ಪಾರ್ಕಿಗೆ ಹೋಗಿ ಬಂದ್ರು, ಬಂಗಾಳದ ಮುದುಕಿ ಇನ್ನೆಲ್ಲಿ ಹೋಗ್ತಾರೆ ಅಂತ ಅವರ ಲೆಕ್ಕ. ಎಲ್ಲೂ ಇಲ್ಲ. ಕ್ಯಾನಿಯನ್‌ನಲ್ಲಿ ಕಾಯೋಟಿ, ಅದೇ ತೋಳದ ಥರದ್ದು, ಓಡಾಡತ್ವೆ, ಸಂಜೆ ಆದ್ರೆ ಚಳಿ, ಆ ಕಾಲಕ್ಕೆ ಬಿದ್ದೋರನ್ನ ಮುಟ್ಟಿ ಎತ್ತೋಕೂ ಜನ ಹೆದರ್ತಿದ್ರು. ಬಾಗಿಲಲ್ಲೇ ನಿಂತಿದ್ದೆ. ಆಗ ಮತ್ತೆ ಆ ಟ್ರಕ್ಕು, ಹಿಂದಕ್ಕೆ ಬರುವಾಗ ಪೀಂ ಪೀಂ ಅನ್ನತ್ತಲ್ಲ, ಆ ಸದ್ದು. ಬೆಳಗ್ಗೆ ಮಾಶಿಮಾ ಆ ಟ್ರಕ್ ನೋಡ್ತಾ ನಿಂತಿದ್ದು ನೆನಪಾಯ್ತು. "ಶುಭೋ, ಹೊಂಡ! ನಿಮ್ಮಮ್ಮ ಕೊಳ ಕಾಯೋಕೆ ಹೋಗಿದಾರೆ!" ಅಂದೆ. ಗ್ಯಾಸ್ ಆರಿಸಿದ್ನೋ ಇಲ್ವೋ ಇವತ್ತಿಗೂ ಗೊತ್ತಿಲ್ಲ.

ಇಳಿಜಾರಲ್ಲಿ ಹೇಗೆ ಇಳಿದ್ನೋ, ಈ ಮಂಡಿ ಇಟ್ಕೊಂಡು. ಬೇಲಿಯ ಗೇಟು ಯಾರೋ ಹಾರು ಹೊಡೆದು ಬಿಟ್ಟಿದ್ರು. ಒಳಗೆ, ಸಿಮೆಂಟ್ ಇಳಿಜಾರಿನ ತುದೀಲಿ ಮಾಶಿಮಾ! ಶೂ ಬಿಚ್ಚಿ ಜೋಡಿಸಿಟ್ಟು, ಕಾಲು ಕೆಸರು ನೀರಿಗೆ ಬಿಟ್ಕೊಂಡು, ಬೆನ್ನು ನೆಟ್ಟಗೆ ಮಾಡ್ಕೊಂಡು ಕೂತಿದಾರೆ. ಅಯ್ಯೋ, ಅವರನ್ನ ನೋಡಿ ನನಗೆ ಹೋದ ಜೀವ ಬಂತು! ಅಲ್ಲೇ ಗಟ್ಟಿಯಾಗಿ ಅತ್ತುಬಿಟ್ಟೆ. ಆದ್ರೆ ಅವರು ಏಳಲ್ಲ. ಶುಭೋ "ಮಾ, ಮನೆಗೆ ಹೋಗೋಣ, ಏಳು" ಅಂತಾನೆ. "ಹೇಗೆ ಬರ್ಲಿ? ಯಾರೂ ಬಂದಿಲ್ಲ ಇನ್ನೂ. ಲಾರಿ ಬಂದಿದೆ, ನೋಡ್ಲಿಲ್ವಾ?" "ಮಾ, ಇದು ಸ್ಯಾನ್ ಡಿಯಾಗೋ!" ಅಂತಾನೆ, ಬೇಡ್ಕೋತಾನೆ, ಕೈ ಹಿಡಿದು ಎಳೀತಾನೆ. ಎಳೆದಷ್ಟೂ ಅವರು ನೀರಿನ ಕಡೆ ಸರೀತಾರೆ. ತುಟಿ ಚಳಿಗೆ ನೀಲಿಯಾಗಿದೆ, ಕಾಲು ಪಾಚಿ ಮೇಲೆ ಜಾರ್ತಿದೆ.

ನಾನು "ಬಿಡೋ ಅವರ ಕೈ" ಅಂದೆ. ಶೂ ಬಿಚ್ಚಿದೆ, ಅವರ ಶೂ ಪಕ್ಕ ಇಟ್ಟೆ, ಸೀರೆ ಎತ್ಕೊಂಡು ಪಕ್ಕದಲ್ಲಿ ಕೂತು ಕಾಲು ನೀರಿಗೆ ಬಿಟ್ಟೆ. ಐಸ್ ಕಣ್ರೋ ಆ ನೀರು! ಬಂಗಾಳಿಯಲ್ಲಿ ಹೇಳ್ದೆ, "ಮಾಶಿಮಾ, ಈಗ ನಂದು. ನೀವು ಹೋಗಿ."

ನನ್ನ ಮುಖ ನೋಡಿದ್ರು. "ನೀನು ತಡ ಮಾಡ್ಬಿಟ್ಟೆ ಬೌಮಾ," ಅಂದ್ರು. "ಒಲೆ ಮೇಲೆ ಬೇಳೆ ಇತ್ತು" ಅಂದೆ, ನಿಜಾನೇ ಅಲ್ವಾ ಅದು. ಅವರು ಉಸ್ಸಪ್ಪಾ ಅಂತ ಉಸಿರು ಬಿಟ್ಟು, ಮಗನ ಕೈ ಹಿಡ್ಕೊಂಡು ತಾವೇ ಎದ್ದು ಹೊರಟ್ರು. ಅವರು ಮೇಲೆ ರಸ್ತೆ ಮುಟ್ಟೋವರೆಗೂ ನಾನು ಏಳ್ಲಿಲ್ಲ, ತಿರುಗಿ ನೋಡಿದ್ರೆ ಕಾಣ್ಬೇಕಲ್ಲ.

ಅಷ್ಟೇ ಕಣ್ರೋ. ಸಾಕಾಗಿ ಕೂತೋರಿಗೆ ಬುದ್ಧಿ ಹೇಳಬಾರದು, ಪಕ್ಕ ಹೋಗಿ ನಿಲ್ಲಬೇಕು. ನಿಮ್ಮಮ್ಮ ಬೆಳಗ್ಗಿಂದ ಅಡುಗೆಮನೇಲಿ ಒಬ್ಬಳೇ ನಿಂತಿದಾಳೆ, ನೀವಿಬ್ರೂ ಇಲ್ಲಿ ಬಾಯಿ ಬಿಟ್ಕೊಂಡು ಕಥೆ ಕೇಳ್ತಿದೀರ. ಏಳಿ, ಹೋಗಿ, "ಈಗ ನಮ್ದು" ಅನ್ನಿ.